ಕೂಸಿಲ್ಲದ ಬಾಣಂತನ

ನಮ್ಮ ಮನಿಯವರು ಹುಟ್ಟಿದಾಗಿಂದ ಸೆರೆ ಮುಟ್ಟಿದವರಲ್ಲ. ಮದವಿ ಮನಿಯಾಗ ಯಾರರ ಕುಡದು ಬಂದು ಬಾಜೂಕ ಕುಂತ್ರ ಪಂಕ್ತಿ ಬಿಟ್ಟು ಎದ್ದು ಹೋಗೋ ಮನಷ್ಯಾ. ಅಂಥಾವರ ಜೋಡಿ ನಾ ಗೋಕಾಕದ ಲಿವರ್ ದವಾಖಾನಿಯಾಗ ಪಾಳಿಗೆ ಕುಂತಿದ್ದೆ. ಸುತ್ತಲೂ ಇದ್ದ ಪೇಶಂಟ್ ಎಲ್ಲಾ ಗಂಡಸರು. ಹಳದಿ ಕಣ್ಣು, ಉಬ್ಬಿದ ಹೊಟ್ಟಿ, ಮಗ್ಗಲಕ ಸೆರಗ ಹೊತ್ತು ಕುಂತ ಹೆಂಡರು. ನನ್ನ ಬಾಜೂದಾಗ ಘೋಡಗೇರಿಯ ಅಕ್ಕಾರೊಬ್ಬರು ಇದ್ರು. ನಮ್ಮವರ ಕಡೆ ಒಂದ ನಜರ ಹಾಕಿ, ದನಿ ಇಳಿಸಿ ಕೇಳಿದ್ರು, "ನಿಮ್ಮವರದು ಎಷ್ಟ ವರ್ಷದ್ದರಿ ಚಟಾ?"

"ನಮ್ಮವರು ಕುಡ್ಯಾಂಗಿಲ್ರಿ," ಅಂದೆ.

"ಹಂಗ ಅನಬೇಕಾಗತೈತಿ ತಂಗಿ. ನಾನೂ ಭಾಳ ವರ್ಷ ಹಂಗ ಅಂದೇನಿ," ಅಂತ ನನ್ನ ಕೈ ಹಿಡದು ಸಮಾಧಾನ ಮಾಡಿದ್ರು.

ಅಷ್ಟರಾಗ ನರ್ಸಮ್ಮ ಬಾಗಲದಾಗ ನಿಂತು, "ಸುನಂದಾ ಯಾರ್ರಿ? ಪೇಶಂಟ್ ಒಳಗ ಬರ್ರಿ," ಅಂತ ಕರದ್ಳು. ನಾ ಎದ್ದ ನಿಂತೆ. ಅಕ್ಕಾರ ಕೈ ಹಂಗ ಗಾಳ್ಯಾಗ ಉಳೀತು. ಇಡೀ ಹಾಲ್ ನನ್ನ ಕಡೆ ತಿರಗೇತಿ. ಹಿಂದ ಯಾರೋ, "ಶಿವ ಶಿವಾ, ಹೆಣ್ಣ ಹೆಂಗಸ!" ಅಂದದ್ದು ಕೇಳಸ್ತು. ನೆಲಾ ಬಾಯಿ ಬಿಟ್ರ ಒಳಗ ಹೋಗೂವಷ್ಟು ನಾಚಿಕಿ ಆತು. ಅಂಥಾ ಹಾಲಿನ್ಯಾಗ ನನ್ನಂಗ ಎದ್ದ ನಿಂದರೋ ಹೆಣ್ಣಮಗಳು ಇನ್ನೊಬ್ಬಾಕಿ ಇದ್ದ ಇರತಾಳ. ಆಕಿ ಸಲುವಾಗಿ ಇದನ್ನ ಹೇಳಾಕತ್ತೇನಿ.

ಒಳಗ ಇದ್ದ ಡಾಕ್ಟರ್ ಬಾಯಾರು ನಮ್ಮ ದೊಡ್ಡಕ್ಕನ ವಾರಿಗಿಯವರು. ಹೊಟ್ಟಿ ಮ್ಯಾಲ ತಣ್ಣನ ಮುಲಾಮ ಹಚ್ಚಿ, ಮಷಿನ್ ಆಡಿಸಿಕೋತ ಕೇಳಿದ್ರು, "ಗರ್ಭಚೀಲ ತೆಗಿಸೀರಿ. ಓವರಿನೂ ಅವಾಗನ ತೆಗಿಸಿದ್ರೇನು?"

"ಇಲ್ರಿ ಬಾಯಾರ, ಬರೇ ಚೀಲ."

ಮತ್ತೊಮ್ಮಿ ಮಷಿನ್ ಆಡಿಸಿದ್ರು. ಆಮ್ಯಾಲ ನನ್ನ ಮುಖಾ ನೋಡಿ, "ಎರಡೂ ಬಾಜೂದ್ದು ಇಲ್ರಿ ಅಕ್ಕಾ. ನಿಮಗ ಹೇಳಿದ್ದಿಲ್ಲೇನು?" ಅಂದ್ರು.

ನನಗ ಹೇಳಿದ್ದಿಲ್ಲ. ಇಲ್ಲಾ ಹೇಳಿದ್ದರೂ ಸ್ಟ್ರೇಚರ್ ಮ್ಯಾಲ ಮಲಗಿಸಿ, ಇಲ್ಲಿ ಸಹಿ ಮಾಡ್ರಿ ಅನ್ನೂವಾಗ ಹೇಳಿರಬೇಕು. ನನ್ನ ಒಳಗಿಂದು ಏನ ಐತಿ ಏನ ಇಲ್ಲ ಅನ್ನೂದು ಎರಡ ವರ್ಷ ನನಗ ಗೊತ್ತಿಲ್ಲದ ಇತ್ತಲ್ಲ, ಆ ಮಾತಿಗೆ ಇವತ್ತೂ ನನ್ನ ಹೊಟ್ಟಿ ಉರಿತೈತಿ.

ಡಾಕ್ಟರ್ ಬಾಯಾರು ಭಾಳ ಬಿಡಿಸಿ ಹೇಳಲಿಲ್ಲ. ಓವರಿಯಿಂದ ಬರೂ ಹಾರ್ಮೋನು ಹೆಣ್ಣಮಕ್ಕಳ ಲಿವರನ್ನ ಕಾಯತಿರತೈತಿ, ಅದು ಒಮ್ಮಿಗಲೇ ನಿಂತ್ರ ಕೊಬ್ಬು ಹೊಟ್ಟಿಗೂ ಬರತೈತಿ, ಲಿವರಿಗೂ ಬರತೈತಿ ಅಂದ್ರು. ಆಮ್ಯಾಲ ಇನ್ನೊಂದ ಮಷಿನ್ ಪಕ್ಕಡಿ ಎಲಬಿಗೆ ಒತ್ತಿ ಟಕ್ ಟಕ್ ಅನಿಸಿದ್ರು. "ಲಿವರ್ ಬಿರುಸ ಆಗಾಕತ್ತೇತಿ. ಈಗ ಹಿಡದ್ರ ಹಿಂದಕ ತಿರಗತೈತಿ. ಬಿಟ್ರ ಗಟ್ಟಿ ಆಗತೈತಿ. ಗಟ್ಟಿ ಆದವರನ್ನ ಹೊರಗ ನೋಡಿ ಬಂದೀರಲ್ಲ?"

ನೋಡಿ ಬಂದಿದ್ದೆ.

"ಮನಿಯಾಗ ಏನ ಉಣ್ಣತೀರಿ?" ಅಂತ ಕೇಳಿದ್ರು. ನಾ ಬಾಜೂಕ ನಿಂತ ನಮ್ಮವರ ಮುಖಾ ನೋಡಿದೆ. ನಮ್ಮವರು ಮ್ಯಾಲ ತಿರಗೂ ಫ್ಯಾನ್ ನೋಡಿದ್ರು.

ಈಗ ನಮ್ಮತ್ತಿ ಕತಿ ಹೇಳಬೇಕು.

ನಮ್ಮದು ಮೂಡಲಗಿ. ನಮ್ಮವರದು ಹೊಲದ ಪೈಪಿನ ಅಂಗಡಿ. ನಾ ಮನಿ ಪಡಸಾಲ್ಯಾಗ ಮಷಿನ್ ಇಟಗೊಂಡು ಜಂಪರ ಹೊಲಿತೇನಿ. ಇಬ್ಬರು ಮಕ್ಕಳು ಹಾಸ್ಟೆಲಿನ್ಯಾಗ ಓದಾಕತ್ತಾರ. ಮನಿಯಾಗ ನಾವಿಬ್ಬರು, ಮತ್ತ ನಮ್ಮತ್ತಿ ಗೌರವ್ವ. ಮೇಲವಂಕಿ ಊರಿನ ಮಗಳು. ಆಕೀಗೆ ಮದವಿಗಿಂತ ಮೊದಲ ಅವ್ವ ತೀರಿಕೊಂಡಿದ್ಳು. ಹಡದಾಗ ಕರಕೊಂಡು ಹೋಗಿ ಬಾಣಂತನ ಮಾಡೂ ತವರು ಇದ್ದಿಲ್ಲ. ಇಲ್ಲಿ ಆಕಿ ಅತ್ತಿ ಹಾಸಗಿ ಹಿಡದಿದ್ಳು. ಹಿಂಗಾಗಿ ಕೂಸಿನ್ನ ಜೋಳಿಗ್ಯಾಗ ಹಾಕಿ, ಹಸಿ ಮೈಲೆ ಕಬ್ಬಿನ ಹೊಲಕ್ಕ ಹೋಗಿ ಸೋಗಿ ಹೊತ್ತಾಳ. "ಅವತ್ತ ಬಗ್ಗಿದ ನಡಾ ಮತ್ತ ನೆಟ್ಟಗಾಗಲಿಲ್ಲ ನೋಡು," ಅಂತಿರತಾಳ. ಒಂದ ಅಂಟಿನ ಉಂಡಿ ಆಕಿ ಕೈಯಾಗ ಯಾರೂ ಇಡಲಿಲ್ಲ.

ಅದಕ್ಕ ಏನೋ, ಓಣ್ಯಾಗ ಯಾರ ಹಡದ್ರೂ ಮೊದಲನೇ ಉಂಡಿ ನಮ್ಮತ್ತೀದು. ಒಣಕೊಬ್ಬರಿ, ಉತ್ತತ್ತಿ, ಗಸಗಸಿ, ತುಪ್ಪದಾಗ ಅರಳೂವಂಗ ಹುರದ ಅಂಟು, ಬೆಲ್ಲ. ಆಕಿ ಉಂಡಿ ತಿಂದ ಬಾಣಂತಿ ಗೋಡಿ ಹಿಡದು ಎದ್ದಾಕಿ ಅಲ್ಲ ಅಂತ ಮಂದಿ ಅಂತಾರ.

ನನಗ ಮುಟ್ಟು ನಿಲ್ಲದ ಸುರದು ಸುರದು ಸಾಕಾಗಿತ್ತು. ಬ್ಯಾರೆ ಊರಿನ ದವಾಖಾನಿಯಾಗ, "ಮಕ್ಕಳಾಗ್ಯಾವ, ಇನ್ಯಾಕ ಬೇಕದು? ತೆಗದ ಒಗದ್ರ ಮುಂದಿನ ಚಿಂತಿ ಇಲ್ಲ," ಅಂದ್ರು. ನಮ್ಮ ಓಣ್ಯಾಗ ಮನಿಗೊಬ್ಬಾಕಿ ತೆಗಿಸಿಕೊಂಡಾಕಿ ಅದಾಳ. ನಾನೂ ಹೂಂ ಅಂದೆ.

ಆಪರೇಶನ್ ಆಗಿ ಮನಿಗೆ ಬಂದ್ರ, ನಡುಮನಿ ಬಾಗಲಕ ಪಡದಿ ಬಿದ್ದೇತಿ. ಹೊರಸಿನ ಕೆಳಗ ಅಗ್ಗಿಷ್ಟಿಕಿ, ಮೂಲ್ಯಾಗ ಲೋಬಾನದ ಹೊಗಿ, ಒಲಿ ಮ್ಯಾಲ ಸಜ್ಜಕ. ನಮ್ಮತ್ತಿ ಕೈಯಾಗ ಹತ್ತಿ ಹಿಡಕೊಂಡು ನಿಂತಾಳ, ನನ್ನ ಕಿವ್ಯಾಗ ಇಡಾಕ.

"ಅತ್ತಿ, ನಾ ಏನ ಹಡದಿಲ್ರಿ," ಅಂದೆ.

"ಕೂಸ ಹೊರಗ ಬಂದ್ರೂ ಹೊಟ್ಟಿ ಖಾಲಿ, ಚೀಲ ಹೊರಗ ಬಂದ್ರೂ ಹೊಟ್ಟಿ ಖಾಲಿ. ಖಾಲಿ ಹೊಟ್ಟಿಗೆ ಹವಾ ಹೊಗತೈತಿ. ಬಾಯಿ ಮುಚಗೊಂಡ ಮಲಕೋ," ಅಂದ್ಳು.

ಮಲಕೊಂಡೆ. ಸುಳ್ಳ ಯಾಕ ಹೇಳಲಿ, ಸುಖಾ ಅನಿಸ್ತು. ಎಣ್ಣಿ ಹಚ್ಚಿ ಬಿಸಿನೀರ ಎರದ್ಳು. ಬೆಳ್ಳುಳ್ಳಿ ಹುರದ ತುಪ್ಪ ವಾಟಗದಾಗ ಕೊಟ್ಟು, ಪೂರಾ ಕುಡಿಯೂತನಾ ಬಾಜೂಕ ಕುಂತಿರತಿದ್ಳು. ಆದ್ರ ಕೆಲವು ದಿನದಾಗ ನನ್ನ ಮೈಯಾಗ ಏನೋ ಸುರು ಆತು. ಕುಂತಲ್ಲೇ ಎದಿಯಿಂದ ಬೆಂಕಿ ಎದ್ದಂಗ ಆಗಿ ಬೆವರು ಸುರಿಯೂದು, ಸಣ್ಣ ಮಾತಿಗೆ ಅಳು ಬರೂದು, ನಿದ್ದಿ ಬರದ ಹೊಳ್ಳಾಡೂದು. "ಹೊಕ್ಕ ಹವಾ ಹೊರಗ ಬರಾಕತ್ತೇತಿ," ಅಂತ ನಮ್ಮತ್ತಿ ಇನ್ನೊಂದ ಚಮಚಾ ತುಪ್ಪ ಹೆಚ್ಚ ಹಾಕಿದ್ಳು. ಅದು ಹಾರ್ಮೋನು ಒಮ್ಮಿಗಲೇ ನಿಂತದ್ದು ಅಂತ ಆಕಿಗೇನ ಗೊತ್ತು, ನನಗರ ಏನ ಗೊತ್ತು.

ಖರೆ ಬಾಣಂತನಕ್ಕ ಒಂದ ಕೊನಿ ಐತಿ. ಕೂಸು ದೊಡ್ಡದಾಗತೈತಿ, ರೊಟ್ಟಿ ಚೂರು ಚೀಪತೈತಿ, ತಾಯಿ ಎದ್ದು ಕೆಲಸಕ್ಕ ಹತ್ತತಾಳ, ಉಂಡಿ ಡಬ್ಬಿ ಖಾಲಿ ಆಗತೈತಿ. ನನ್ನ ಬಾಣಂತನಕ್ಕ ಕೂಸ ಇಲ್ಲ, ಹಿಂಗಾಗಿ ಕೊನೀನೂ ಇಲ್ಲ. ಡಬ್ಬಿ ತಳಾ ಕಂಡ್ರ ನಮ್ಮತ್ತಿ ಮತ್ತ ಕೊಬ್ಬರಿ ಹೆರ್ಯಾಕ ಕುಂಡ್ರಾಕಿ. ವರ್ಷದ ಮ್ಯಾಲ ಹಂಗ ನಡೀತು. ನಾ ಹೊಲಿಗಿಯಾಕಿ, ಜಂಪರದ ಒಳಗ ಒಂದೀಟ ಹೆಚ್ಚಿಗಿ ಅರಬಿ ಬಿಟ್ಟಿರತೇನಿ. ಅದನ್ನ ಬಿಚ್ಚಿ ಬಿಚ್ಚಿ ಮುಗೀತು. ಆಮ್ಯಾಲ ಬಗಲಾಗ ಪಟ್ಟಿ ಜೋಡಿಸಿ ಹಾಕೊಂಡೆ. ಬಲಗಡೆ ಪಕ್ಕಡಿ ಕೆಳಗ ಭಾರಾ ಭಾರಾ ಅನಿಸಾಕತ್ತಾಗ ಕುಂತ ಕೆಲಸಾ ಅದಕ್ಕ ಅಂದಕೊಂಡೆ. ಕಡೀಕ ಪಿತ್ತಕೋಶದಾಗ ಹರಳ ಇರಬೇಕಂತ ತೋರಿಸಾಕ ಹೋದಾಗನ ಈ ಲಿವರಿನ ಸುದ್ದಿ ಬಂದದ್ದು.

ಡಾಕ್ಟರ್ ಬಾಯಾರು ತುಪ್ಪ, ಬೆಲ್ಲ, ಉಂಡಿ ಎಲ್ಲಾ ಬಂದ್ ಅಂದ್ರು. ದಿನಾ ನಡೀರಿ ಅಂದ್ರು. ನನಗ ಇನ್ನೂ ವಯಸ್ಸು ಸಣ್ಣದು ಅಂತ ಹೆಣ್ಣಮಕ್ಕಳ ಡಾಕ್ಟರ್ ಜೋಡಿ ಮಾತಾಡಿ, ತಪಾಸ ಮಾಡಿ, ಹಾರ್ಮೋನಿನ ಔಷಧನೂ ಸುರು ಮಾಡಿಸಿದ್ರು. ಅದು ಎಲ್ಲಾರಿಗೂ ಒಗ್ಗಂಗಿಲ್ಲ. ಸುನಂದಾಗ ಕೊಟ್ಟಾರಂತ ನೀವು ತಗೋಬ್ಯಾಡ್ರಿ, ನಿಮ್ಮ ಡಾಕ್ಟರಿಗೆ ಕೇಳ್ರಿ.

ಔಷಧ ನುಂಗೂದು ಸುಲಭ. ಅತ್ತಿಗೆ ಹೇಳೂದು ಹೆಂಗ? ಬಿಸಿತುಪ್ಪ, ನುಂಗಾಕೂ ಬರಂಗಿಲ್ಲ ಉಗಳಾಕೂ ಬರಂಗಿಲ್ಲ ಅಂತಾರಲ್ಲ, ನನ್ನ ಪಾಲಿಗೆ ಅದು ಬರೇ ಗಾದಿಮಾತ ಆಗಿ ಉಳೀಲಿಲ್ಲ. "ಹಸಿವಿಲ್ರಿ ಅತ್ತಿ," ಅಂದ್ರ, ಸೊಸಿಗೆ ಹಸಿವ ಸತ್ತೇತಿ ಅಂತ ಇನ್ನೊಂದ ಉಂಡಿ ಕೊಡಾಕಿ. ಕೊಟ್ಟದ್ದನ್ನ ಸೆರಗಿನ್ಯಾಗ ಮುಚಗೊಂಡ ಬಂದು ಹೊಲಿಗಿ ಮಷಿನಿನ ಡ್ರಾವರದಾಗ ಒಗ್ಯಾಕತ್ತಿದೆ. ಓಣ್ಯಾಗಿನ ಹುಡುಗೂರಿಗೆ ಕೊಡೂನು ಅಂದ್ರ ಅವು ಹೋಗಿ ಅಜ್ಜಿಗೆ ಹೇಳತಾವ ಅಂತ ಅಂಜಿಕಿ.

ನನ್ನ ಶಾಣ್ಯಾತನಾ ಇರುವಿ ಮುರದು ಹಾಕಿದವು. ಒಂದಿನ ಮುಂಜಾನಿ ನಮ್ಮತ್ತಿ ಅಡಗಿಮನಿ ಬಾಗಲದಿಂದ ಹೊಂಟ ಇರುವಿ ಸಾಲ ಹಿಡದು, ಬಗ್ಗಿದ ನಡಾ ಇನ್ನಷ್ಟು ಬಗ್ಗಿಸಿ, ಪಡಸಾಲಿಗುಂಟ ಬಂದು ಮಷಿನಿನ ಡ್ರಾವರ ಜಗ್ಗಿದ್ಳು. ಬಾಬಿನ್ನು, ಹುಕ್ಕು, ದಾರದ ಉಂಡಿ ನಡುವ ಆಕಿ ಅಂಟಿನ ಉಂಡಿ.

ಆಕಿ ನನ್ನ ಕಡೆ ನೋಡಿದ್ಳು. ನಮ್ಮವರು ಚಾ ಕಪ್ಪ ಕೆಳಗಿಟ್ಟು, ಅವ್ವಗ ತಿಳಿಸಿ ಹೇಳೂ ಹುಮ್ಮಸಿನ್ಯಾಗ, "ಡಾಕ್ಟರ್ ಬ್ಯಾಡ ಅಂದಾರವ್ವಾ. ನಿನ್ನ ತುಪ್ಪಾ ಉಂಡಿಯಿಂದ ಆಕಿ ಲಿವರ್ ಕೆಟ್ಟೇತಿ," ಅಂದುಬಿಟ್ರು.

"ನಾ ವಿಷಾ ಹಾಕಿದ್ನೇನೋ?" ಅಂದ್ಳು ನಮ್ಮತ್ತಿ. ಅಷ್ಟ. ಒದರಲಿಲ್ಲ, ಅಳಲಿಲ್ಲ.

ಊಟ ಬಲ್ಲವಗ ರೋಗ ಇಲ್ಲ, ಮಾತ ಬಲ್ಲವಗ ಜಗಳ ಇಲ್ಲ ಅಂತಾರ. ನಮ್ಮನಿಯಾಗ ಅವತ್ತ ಎರಡೂ ಬಲ್ಲವರು ಇದ್ದಿಲ್ಲ. "ನಿಮಗ ಪೈಪ ಜೋಡಸಾಕ ಬರತೈತಿ, ಎರಡ ಮಾತ ಜೋಡಸಾಕ ಬರಂಗಿಲ್ಲ," ಅಂತ ನಮ್ಮವರ ಮ್ಯಾಲ ಹರಿಹಾಯ್ದೆ. ಅವರು ತಪ್ಪಾತು ಅಂದ್ರು. ಅಂದ್ರ ಏನ ಬಂತು? ನಮ್ಮತ್ತಿ ಅಡಗಿಮನಿ ಹೊಸ್ತಿಲಾ ದಾಟೂದ ಬಿಟ್ಳು. ಮುಂಜಾನಿ ಲಿಂಗಪೂಜಿ ಮುಗಿಸಿ, ವಿಭೂತಿ ಹಚಗೊಂಡು ಹೊರಗ ಕಟ್ಟಿ ಮ್ಯಾಲ ಕುಂಡ್ರಾಕಿ. ನೀಡಿದ್ದ ಉಣ್ಣಾಕಿ, ಇನ್ನೊಂದೀಟು ಅನ್ನಾಕಿ ಅಲ್ಲ.

ಬಾಜೂ ಮನಿ ನೀಲವ್ವ ಬಂದು, "ಯಮನವ್ವ ಹಡದಾಳ್ರಿ ಆಯಿ, ಉಂಡಿ ಮಾಡಿಕೊಡ್ರಿ ಮಗಳಿಗೆ," ಅಂತ ಕೇಳಿದ್ಳು. ನಾ ಒಳಗ ಮಷಿನ್ ತುಳ್ಯಾಕತ್ತಿದ್ದೆ. ನಮ್ಮತ್ತಿ, "ನನ್ನ ಕೈ ಛಲೋ ಇಲ್ಲವ್ವಾ. ಬ್ಯಾರೆ ಯಾರ ಕಡೆರ ಮಾಡಸ್ಕೋ," ಅಂದದ್ದು ಕೇಳಿ ನನ್ನ ಕಾಲು ಹಂಗ ನಿಂತ್ವು. ಲಿವರಿನ ಸುದ್ದಿಗೆ ಅಷ್ಟ ಅತ್ತಿದ್ದಿಲ್ಲ, ಅವತ್ತ ಅತ್ತೆ. ನನ್ನ ರೋಗಕ್ಕ ಆಕಿ ಕೈ ಕಾರಣ ಅಂತ ಆಕಿ ಸಾಯೂತನಾ ನಂಬಿದ್ರ, ನಾ ಆರಾಮ ಆಗಿ ಏನ ಮಾಡಲಿ?

ಮುಂದಿನ ಸರತಿ ಗೋಕಾಕಕ್ಕ ಹೋಗೂವಾಗ ಅತ್ತಿನ್ನ ಕರಕೊಂಡ ಹ್ವಾದೆ. ಮೊದಲ ಬರಾಂಗಿಲ್ಲ ಅಂದ್ಳು. "ನನಗ ಬಸ್ಸಿನ್ಯಾಗ ಒಬ್ಬಾಕಿಗೆ ಚಕ್ಕರ ಬರತಾವ್ರಿ," ಅಂದೆ. ಹೊಂಟ್ಳು.

ಅದ ಹಾಲು, ಅದ ಕುರ್ಚಿ. ಘೋಡಗೇರಿ ಅಕ್ಕಾರೂ ಗಂಡನ್ನ ಕರಕೊಂಡ ಬಂದಿದ್ರು. ನನ್ನ ಗುರತಾ ಹಿಡದು, ಮಗ್ಗಲಕ ಸರದು, ಭಾಳ ಅಂತಃಕರಣದಿಂದ ಕೇಳಿದ್ರು, "ಈಗರ ಬಿಟ್ಟಿಯೇನು ತಂಗಿ?"

ನಮ್ಮತ್ತಿ ಕೇಳಿಸಿಕೊಂಡ್ಳು. ಎದ್ದ ನಿಂತ್ಳು. ಇಡೀ ಹಾಲಿಗೆ ಕೇಳೂವಂಗ, "ನನ್ನ ಸೊಸಿ ಕುಡದಿಲ್ರೀ! ನಾ ಕುಡಿಸೇನಿ. ವಾಟಗ ಗಟ್ಲೆ ತುಪ್ಪಾ ಕುಡಿಸೇನಿ. ಬೈಯೋದಿದ್ರ ನನಗ ಬೈರಿ," ಅಂದ್ಳು.

ನಾ ಆಕಿ ಕೈ ಹಿಡದು ಕುಂಡರಿಸಿದೆ.

ಒಳಗ ಹೋದ ಮ್ಯಾಲೂ ಅದ ಮಾತ. "ನಾನ ಮಾಡೇನ್ರಿ ಬಾಯಾರ. ಆಕೀದೇನ ತಪ್ಪಿಲ್ಲ."

ಡಾಕ್ಟರ್ ಬಾಯಾರು ಪೆನ್ನ ಕೆಳಗಿಟ್ರು. "ಕುಂದರ್ರಿ ಅವ್ವಾ. ಮೊದಲ ಕಾರಣ ಓವರಿ ಹೋದದ್ದು. ಅದು ನಿಮ್ಮ ಕೈಯಾಗಿಂದಲ್ಲ. ನಿಮ್ಮ ತುಪ್ಪ ಅದರ ಮ್ಯಾಲ ಬಂದು ಕುಂತಿತು. ನಿಮ್ಮ ಉಂಡಿ ಕೆಟ್ಟದ್ದಲ್ಲ. ಬಾಣಂತಿ ತಿಂದದ್ದರಾಗ ಕೂಸಿಂದು ಒಂದ ಪಾಲು, ಹಾಲಾಗಿ ಹೋಗತೈತಿ. ಈಕಿಗೆ ಕೂಸಿಲ್ಲ. ಇಷ್ಟೆಲ್ಲಾ ತುಪ್ಪ ಎಲ್ಲಿ ಹೋಗಬೇಕ್ರಿ?"

ನಮ್ಮತ್ತಿ ಸೆರಗಿನ ತುದಿ ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದ್ಳು. ಆಮ್ಯಾಲ ತಲಿ ಎತ್ತಿ, ಖರೇನ ಕಲಿಯಾಕ ಬಂದಾಕಿಯಂಗ ಕೇಳಿದ್ಳು, "ಹಂಗಾರ ಕೂಸಿಲ್ಲದ ಬಾಣಂತನ ಹೆಂಗ ಮಾಡಬೇಕ್ರಿ? ಹೇಳ್ರಿ. ಮಾಡತೇನಿ."

ಬಾಯಾರು ಆಕಿಗೆ ಹೇಳಿದ್ರು. ನನಗಲ್ಲ, ಆಕಿಗೆ.

ಊರಿಗೆ ಬಂದು ಬಸ್ಸ ಇಳದಾಕಿ ಮನಿಗೆ ಬರಲಿಲ್ಲ, ಸೀದಾ ನೀಲವ್ವನ ಬಾಗಲಕ ಹ್ವಾದ್ಳು. "ನನ್ನ ಕೈ ಛಲೋ ಐತಂತ. ಡಾಕ್ಟರ್ ಹೇಳ್ಯಾರ. ನಿನ್ನ ಮಗಳಿಗೆ ಕೂಸೈತಿ, ಆಕಿಗೆ ನಡೀತೈತಿ. ನಾಳೆ ಕೊಬ್ಬರಿ ತರಸ್," ಅಂದ್ಳು.

ನನ್ನ ಎರಡನೇ ಬಾಣಂತನ ಮೊದಲನೇದಕ್ಕಿಂತ ಬಿರುಸ. ಬೆಳಕ ಹರ್ಯಾಕ ಇಲ್ಲ, "ಏಳವ್ವಾ, ಇನ್ನ ಎಷ್ಟ ಮಲಗತಿ," ಅಂತ ಎಬ್ಬಿಸಾಕಿ. ಕೆನಾಲ ದಂಡಿಗುಂಟ ಇಬ್ಬರೂ ಹೊಂಟ್ರ, ಆಕಿ ಮೋರಿ ಕಟ್ಟಿ ಮ್ಯಾಲ ಕುಂತು, "ಅಗಾ, ಆ ಜಾಲಿ ಗಿಡಾ ಮುಟ್ಟಿ ಬಾ," ಅಂತ ಕಳಸಾಕಿ. ಮುಟ್ಟಿ ಬಂದ್ರ, "ಮತ್ತೊಮ್ಮಿ," ಅನ್ನಾಕಿ. ಊಟಕ್ಕ ಜ್ವಾಳದ ರೊಟ್ಟಿ, ಮೆಂತೆ ಪಲ್ಯ, ಹೆಸರಕಾಳ ಉಸಳಿ, ನೀರ ಮಜ್ಜಿಗಿ. ಸಕ್ಕರಿ ಇಲ್ಲದ ಚಾ ಕುಡಿಯೂವಾಗಂತೂ ಯಾಕ ಹುಟ್ಟಿದ್ನೋ ಅನಿಸಾಕತ್ತು. ಮಷಿನಿಗೆ ಅಂಟಿಕೊಂಡು ಕುಂತಿದ್ರ, ಹೊರಗಿನ ಕಟ್ಟಿಯಿಂದನ ಸಪ್ಪಳಾ ಕೇಳಿ, "ಏಳ, ನಾಕ ಹೆಜ್ಜಿ ಅಡ್ಡಾಡು," ಅಂತ ಒದರಾಕಿ.

ಬೆಲ್ಲದ ಬಾಗೇವಾಡಿ ನನ್ನ ತವರು. ಅಲ್ಲಿ ಅಣ್ಣನ ಬಸರಿ ಸೊಸಿಗೆ ಕುಬಸ ಇತ್ತು, ಹೋಗಿದ್ವಿ. ನಮ್ಮ ವೈನಿ ಹೋಳಿಗಿ ಮ್ಯಾಲ ತುಪ್ಪ ಸುರ್ಯಾಕ ಬಂದ್ರ, ನಮ್ಮತ್ತಿ ಗಂಗಾಳದ ಮ್ಯಾಲ ಕೈ ಅಡ್ಡ ಹಿಡದು, "ನಮ್ಮ ಬಾಣಂತಿಗೆ ತುಪ್ಪಾ ನಡ್ಯಾಂಗಿಲ್ಲವ್ವಾ," ಅಂದ್ಳು. ಪಂಕ್ತಿಯಾಗಿನ ಹೆಣ್ಣಮಕ್ಕಳೆಲ್ಲಾ ನನ್ನ ನರತ ಕೂದಲಾ ನೋಡಿದ್ರು, ಹೊಟ್ಟಿ ನೋಡಿದ್ರು. "ಯಾವಾಗ ಹಡದ್ರಿ?" ಅಂತ ಒಬ್ಬಾಕಿ ಕೇಳೇಬಿಟ್ಳು. ನಕ್ಕು ನಕ್ಕು ನನ್ನ ಕಣ್ಣಾಗ ನೀರ ಬಂತು.

ನಗೂ ದಿನಾ ಕಡಿಮಿ ಇದ್ದವು. ತಿಂಗಳಾನುಗಟ್ಲೆ ನಡದ್ರೂ ಜಂಪರ ಸಡಲಾಗಲಿಲ್ಲ. ಕಣ್ಣ ಮುಚ್ಚಿದ್ರ ಆ ಹಾಲಿನ ಉಬ್ಬಿದ ಹೊಟ್ಟಿ ಬರತಿದ್ವು. ಒಂದಿನ ಕೆನಾಲ ದಂಡ್ಯಾಗ ಕುಂತ ಬಿಟ್ಟೆ. "ಏನೂ ಉಪಯೋಗ ಇಲ್ರಿ ಅತ್ತಿ. ನನ್ನ ಒಳಗಿಂದು ತೆಗದ ಒಗದ್ರು, ನನ್ನ ಒಂದ ಮಾತ ಕೇಳಲಿಲ್ಲ," ಅಂತ ದನಿ ತಗದು ಅತ್ತೆ. ನಮ್ಮತ್ತಿ ಮೋರಿ ಕಟ್ಟಿಯಿಂದ ಎದ್ದು, ಬಗ್ಗಿದ ನಡಾ ಹೊತಗೊಂಡು ನನ್ನ ತನಕಾ ನಡಕೋತ ಬಂದ್ಳು. ಬಾಜೂಕ ಕುಂತ್ಳು.

"ನಮ್ಮನ್ನ ಯಾರ ಕೇಳ್ಯಾರವ್ವಾ," ಅಂದ್ಳು. ಆಮ್ಯಾಲ, "ಏರಾಕ ವರ್ಷ ಹಿಡದೈತಿ, ಇಳ್ಯಾಕ ಎಂಟ ದಿನಾ ಸಾಕೇನ? ಅಳೂದಾದ ಮ್ಯಾಲ ಹೇಳು. ಜಾಲಿ ಗಿಡಾ ಅಲ್ಲೇ ಐತಿ," ಅಂದ್ಳು.

ಅತ್ತು ಮುಗಿಸಿದೆ. ಗಿಡಾ ಮುಟ್ಟಿ ಬಂದೆ.

ಮುಂದಿನ ತಪಾಸಕ್ಕ ಮೂವರೂ ಹ್ವಾದ್ವಿ. ಘೋಡಗೇರಿ ಅಕ್ಕಾರು ಕಾಣಲಿಲ್ಲ. ನರ್ಸಮ್ಮಗ ಕೇಳಾಕ ನನಗ ಧೈರ್ಯ ಸಾಲಲಿಲ್ಲ. ಡಾಕ್ಟರ್ ಬಾಯಾರು ಮತ್ತ ಪಕ್ಕಡಿಗೆ ಮಷಿನ್ ಒತ್ತಿ ಟಕ್ ಟಕ್ ಅನಿಸಿ, ನಮ್ಮತ್ತಿ ಕಡೆ ತಿರಗಿ ಹೇಳಿದ್ರು, "ಪೂರಾ ಹೋಗಿಲ್ಲ ಅವ್ವಾ. ಆದ್ರ ತಿರಗೇತಿ. ಮೆತ್ತಗಾಗಾಕತ್ತೇತಿ. ಇನ್ನೂ ಬಿಡಬ್ಯಾಡ್ರಿ." ನಮ್ಮವರು ಕಣ್ಣ ಒರಸ್ಕೊಂಡು, ಫ್ಯಾನಿನ ಧೂಳ ಬಿತ್ತು ಅಂದ್ರು. ನಮ್ಮತ್ತಿ, "ಬಿಡಾಕ ಆಕಿ ಕೈಯಾಗೇನೈತಿ?" ಅಂದ್ಳು.

ಮರುದಿನ ನಾ ಮಷಿನ್ ಮುಚ್ಚಿಟ್ಟು ಅಡಗಿಮನಿ ಹೊಕ್ಕೆ. ಕೊಬ್ಬರಿ ಹೆರದೆ, ಉತ್ತತ್ತಿ ಹೆಚ್ಚಿದೆ, ತುಪ್ಪದಾಗ ಅಂಟು ಹಾಕಿದೆ. ವಾಸನಿ ಕಟ್ಟಿತನಾ ಹೋತು.

"ಯಾರ ಹಡದಾರವ್ವಾ?" ಅಂತ ನಮ್ಮತ್ತಿ ಹೊರಗಿಂದ ಕೇಳಿದ್ಳು.

"ನೀವ್ರಿ."

"ಏನಂದಿ?"

ಒಂದ ವಾಟಗದಾಗ ಉಂಡಿ ಹಾಕೊಂಡು ಕಟ್ಟಿಗೆ ಹೋಗಿ ಆಕಿ ಮುಂದ ಕುಂತೆ. "ನೀವ ಹಡದೀರಿ. ನಿಮ್ಮ ಮಗಾ ಅಂಗಡ್ಯಾಗ ಪೈಪ ಮಾರಾಕತ್ತಾನ. ಬಾಣಂತನ ಒಂದೀಟು ತಡಾ ಆತು, ತಗೋರಿ," ಅಂದೆ.

ನಮ್ಮತ್ತಿ ವಾಟಗ ನೋಡಿದ್ಳು, ನನ್ನ ನೋಡಿದ್ಳು. ಒಂದ ಉಂಡಿ ತಗದು ಮುರದ್ಳು. ರೂಢಿ ಪ್ರಕಾರ ಅರ್ಧಾ ಹಿಡದ ಕೈ ನನ್ನ ಬಾಯಿ ತನಕಾ ಬಂತು. ಅಲ್ಲೇ ನಿಂತಿತು. ಹಿಂದಕ ಹೋಗಿ ಆಕಿ ಬಾಯಾಗನ ಹೋತು. ಕಣ್ಣ ಮುಚಗೊಂಡು ಸಾವಕಾಶ ಅಗದ್ಳು. ಕಣ್ಣ ರೆಪ್ಪಿ ಕೆಳಗಿಂದ ನೀರ ಇಳದು ಸುಕ್ಕಿನ್ಯಾಗ ಹರೀತು, ಒರಸ್ಕೊಳ್ಳಲಿಲ್ಲ.

"ಅಂಟು ಇನ್ನೊಂದೀಟ ಹುರೀಬೇಕಿತ್ತು," ಅಂದ್ಳು.

"ಹೂಂ ರಿ."

"ಬೆಲ್ಲಾನೂ ಕಮ್ಮಿ."

"ಹೂಂ ರಿ ಅತ್ತಿ."

ಉಳಿದ ಅರ್ಧಾನೂ ಬಾಯಾಗ ಹಾಕೊಂಡು ಮುಗಿಸಿದ್ಳು. ಆಮ್ಯಾಲ ಕೈ ಚಾಚಿ, "ಇನ್ನೊಂದ ಕೊಡು," ಅಂದ್ಳು.